ಉಪ್ಪಿನ ಗೋದಾಮಿನ ಗೋಡೆಯ ಹೊಸ ಕತ್ತೆ

ಮೊದಲೇ ಹೇಳಿಬಿಡುತ್ತೇನೆ, ಹೊಸ ಕತ್ತೆ ನನಗೆ ಹಿಡಿಸಿಲ್ಲ. ಯಾರು ಕೇಳಲಿ ಬಿಡಲಿ, ಊರಿನಲ್ಲೆಲ್ಲ ಇದನ್ನು ಹೇಳಿಕೊಂಡು ತಿರುಗಿದವನು ನಾನು. ಫೋಟೋಗಳಿಗೆ ಕಟ್ಟು ಹಾಕುವುದು ನನ್ನ ಕೆಲಸ. ದೇವರ ಪಟವೂ ಬರುತ್ತದೆ, ತೀರಿಕೊಂಡವರ ಪಟವೂ ಬರುತ್ತದೆ. ಗೆರೆ ನೆಟ್ಟಗಿದೆಯೋ ಇಲ್ಲವೋ ನೋಡುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಉಪ್ಪಿನ ಗೋದಾಮಿನ ಗೋಡೆಯ ಮೇಲೆ ಕಾರ್ಟೂನ್ ಕತ್ತೆ ಬೂದಪ್ಪ ಮತ್ತೆ ಕಾಣಿಸಿಕೊಂಡ ಭಾನುವಾರ, ಇಡೀ ಊರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ, ನಾನು ಕೂತಲ್ಲೇ "ಅದ್ಯಾಕೆ ಕಿವಿ ತಲೆಯೊಳಗಿಂದ ತೂರಿಕೊಂಡು ಹೋಗ್ತಿದೆ?" ಅಂದೆ. ಪಕ್ಕದಲ್ಲಿದ್ದ ಗಿರಣಿಯ ಅನಸೂಯ ನನ್ನ ಮೊಣಕೈ ಚಿವುಟಿದಳು. "ಸುಮ್ನಿರ್ರೀ, ಬಂತಲ್ಲ, ಅದೇ ದೊಡ್ಡದು" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಹಳೆಯ ಬೂದಪ್ಪ ಹೇಗಿದ್ದ ಅಂತ ಹೇಳಹೊರಟರೆ ಈಗಿನ ಮಕ್ಕಳು ಆಕಳಿಸುತ್ತಾರೆ. ಭಾನುವಾರ ದೀಪ ಹಚ್ಚುವ ಹೊತ್ತಿಗೆ ಗೋಡೆ ತಾನಾಗಿ ತುಂಬಿಕೊಳ್ಳುತ್ತಿತ್ತು. ಮೊದಲು ಮಣ್ಣಿನ ರಸ್ತೆ, ಆಮೇಲೆ ಮಡಕೆ ಮಾರುವ ಅಜ್ಜಿ, ಅವಳ ಹಿಂದೆ ಬೆನ್ನ ತುಂಬ ಮಡಕೆ ಹೇರಿಕೊಂಡ ಬೂದು ಬಣ್ಣದ ಕತ್ತೆ. ಇಬ್ಬರೂ ಸಂತೆಗೆ ಹೊರಡುವುದು, ದಾರಿಯಲ್ಲಿ ಏನೋ ಫಜೀತಿಯಾಗುವುದು, ಒಂದಷ್ಟು ಮಡಕೆ ಒಡೆಯುವುದು, ಕಾರ್ಟೂನ್ ಅಂದರೆ ಅಷ್ಟೇ. ಆದರೆ ಎಂಥ ಗೆರೆ ಅದು! ದಣಿದಾಗ ಬೂದಪ್ಪ ಹಿಂಗಾಲೊಂದನ್ನು ಸಡಿಲ ಬಿಟ್ಟು ನಿಲ್ಲುತ್ತಿದ್ದ. ಚಳಿಗಾಲದ ಕಂತುಗಳಲ್ಲಿ ಅವನ ಮೂಗಿನ ಮುಂದೆ ಉಸಿರು ಕಾಣುತ್ತಿತ್ತು. ಬಾಯಿ ಬಿಟ್ಟು ಒಂದು ಮಾತೂ ಆಡಿದವನಲ್ಲ. ಕೊನೆಯಲ್ಲಿ ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತು, "ಏನಪ್ಪಾ, ನಾಳೆನೂ ಹೋಗೋಣ್ವಾ?" ಅಂತ ಕೇಳುವಳು. ಬೂದಪ್ಪ ತುಸು ಯೋಚಿಸುವನು. ತಲೆ ಮೇಲೆ ಕೆಳಗೆ ಆಡಿದರೆ ಹೂಂ. ಅತ್ತ ಇತ್ತ ಆಡಿದರೆ ಊಹೂಂ. ತೊಡೆಯ ಮೇಲೆ ಕೂತ ಮಗುವಿಗೂ ಅನುಮಾನ ಬರುತ್ತಿರಲಿಲ್ಲ.

ಊರಿನವರು ಕೇಳಿದ್ದಕ್ಕೂ ಅದೇ ಉತ್ತರ. ಕೇಳಬೇಕಾದವರು ಶನಿವಾರ ಸಂಜೆ ಗೋದಾಮಿನ ಗೋಡೆಗೆ ಅಂಗೈ ಒತ್ತಿ, ನಾಲ್ಕು ಜನಕ್ಕೆ ಕೇಳುವ ಹಾಗೆ ತಮ್ಮ ಪ್ರಶ್ನೆ ಹೇಳಬೇಕು. ವಾರಕ್ಕೆ ಒಂದೇ ಪ್ರಶ್ನೆ. ಬಾವಿ ತೋಡಿಸಬೇಕೋ ಬೇಡವೋ, ಮುನಿಸಿಕೊಂಡ ತಮ್ಮನನ್ನು ಊಟಕ್ಕೆ ಕರೆಯಬೇಕೋ ಬೇಡವೋ, ಇಂಥವೇ. ಯಾರಿಗೂ ಕೇಳಲೇಬೇಕೆಂಬ ಬಲವಂತವಿಲ್ಲ. ಕೇಳಿದ ಮೇಲೆ ಮಾತ್ರ ಉತ್ತರ ಬರುವ ತನಕ ಕಾಯಬೇಕು, ಬಂದದ್ದಕ್ಕೆ ತಲೆಬಾಗಬೇಕು. ಉತ್ತರವನ್ನು ಎದ್ದು ನಿಂತು ಸಾರುವ ಹಕ್ಕು ಪರಮೇಶಪ್ಪನವರ ಮನೆತನದ್ದು. ಅವರು ಜರಿಪೇಟ ಸುತ್ತಿಕೊಂಡು "ಹೂಂ ಅಂದಿದೆ" ಅಂದರೆ ಆಯಿತು, ಮರುದಿನವೇ ಬಾವಿಗೆ ಗುದ್ದಲಿ ಬೀಳುತ್ತಿತ್ತು.

ನಾನೂ ಅನಸೂಯಳೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಾಗ ಎರಡು ಮನೆಯವರೂ ನಮ್ಮನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಮದುವೆಯ ಮಾತು, ಕೇಳಿಯೇ ಮುಂದುವರಿಯೋಣ ಅಂದರು. ಇಬ್ಬರೂ ಕೈ ಒತ್ತಿದೆವು. ಭಾನುವಾರ ಮುಂದಿನ ಸಾಲಿನಲ್ಲಿ ಕೂತೆವು. ಆವತ್ತಿನ ಕಂತು ಬಲು ಚೆನ್ನಾಗಿತ್ತು, ಬೂದಪ್ಪ ಒಂದು ಮಡಕೆಯನ್ನೂ ಒಡೆಯದೆ ಹೊಳೆ ದಾಟಿದ್ದ. ಅಜ್ಜಿ ಕೇಳಿದಳು. ಬೂದಪ್ಪ ಯೋಚಿಸಿದ, ಮೂತಿ ಎತ್ತಿದ. ಅಷ್ಟರಲ್ಲಿ ಗೋಡೆ ಬೆಳ್ಳಗಾಗಿಬಿಟ್ಟಿತು. ಮೋಡ ಇರಬೇಕು ಅಂದರು ಯಾರೋ. ಮುಂದಿನ ವಾರವೂ ಗೋಡೆ ಬಿಳಿ, ಅದರ ಮುಂದಿನ ವಾರವೂ ಬಿಳಿ. ಹಾಗೆ ಇಪ್ಪತ್ತು ವರ್ಷದ ಮೇಲಾಯಿತು.

ಬೇರೆಯವರು ಹೇಗೋ ತಮ್ಮ ತಮ್ಮ ತಲೆ ಓಡಿಸಿ ಬದುಕಿಕೊಂಡರು. ಗೋಡೆ ಖಾಲಿಯಿದ್ದಾಗ ಕೇಳುವ ಹಾಗೇ ಇರಲಿಲ್ಲವಲ್ಲ, ಕಾಯುವ ಗೋಜೂ ಇರಲಿಲ್ಲ. ಕೇಳಿ ಸಿಕ್ಕಿಬಿದ್ದವರು ನಾವಿಬ್ಬರೇ. ಅನಸೂಯಳನ್ನು ನೋಡಲು ಪರಸ್ಥಳದಿಂದ ಯಾರಾದರೂ ಬಂದರೆ ಊರಿನವರೇ ಬಸ್ ಸ್ಟ್ಯಾಂಡಿನಲ್ಲಿ ತಡೆದು, "ಆ ಹುಡುಗೀದು ಗೋಡೆ ಮೇಲಿದೆ" ಅಂತ ವಾಪಸ್ ಕಳಿಸುತ್ತಿದ್ದರು. ಅವಳ ಅಪ್ಪ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿ ಅವಳ ಪಾಲಿಗೆ ಬಂತು. ಮನೆಯಲ್ಲಿರುವವನು ನಾನೊಬ್ಬನೇ ಆದರೂ ಅಷ್ಟಷ್ಟೇ ಗೋಧಿ, ಅಷ್ಟಷ್ಟೇ ರಾಗಿ ಅಂತ ವಾರಕ್ಕೆರಡು ಸಲ ಗಿರಣಿಗೆ ಹೋಗುತ್ತಿದ್ದೆ. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿರುತ್ತಿದ್ದ ಅವಳು, ಬೆಲ್ಟಿನ ಸದ್ದಿನಲ್ಲಿ ಏನೂ ಕೇಳಿಸದೆ, ಬರೀ ನಗುತ್ತಿದ್ದಳು. ನನಗೆ ಅವಳ ಮೇಲೆ ಪ್ರೀತಿ. ಆಗಲೂ ಇತ್ತು, ಈಗಲೂ ಇದೆ. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ.

ಹೀಗಿರುವಾಗ ಬೂದಪ್ಪ ಮರಳಿ ಬಂದ. ಬಾಕಿ ಉಳಿದಿದ್ದದ್ದು ನಮ್ಮ ಪ್ರಶ್ನೆ, ಹಾಗಾಗಿ ಮೊದಲ ಸರದಿ ನಮ್ಮದೇ ಅಂತ ಊರು ಒಪ್ಪಿತು. ಪರಮೇಶಪ್ಪನವರು ಪೆಟ್ಟಿಗೆಯಿಂದ ಪೇಟ ತೆಗೆಸಿದರು, ಅದಕ್ಕೆ ನುಸಿಗುಳಿಗೆಯ ವಾಸನೆ ಹತ್ತಿತ್ತು. ನನ್ನ ಅತ್ತಿಗೆ ಆಗಲೇ ಯಾವ ಛತ್ರ ಅಂತ ಮಾತಾಡುತ್ತಿದ್ದರು.

ಮುಂದಿನ ಭಾನುವಾರ ಕಂತು ಶುರುವಾಯಿತು. ಅಜ್ಜಿಯ ಎಲೆಅಡಿಕೆ ಜಗಿದ ಗೊಗ್ಗರು ದನಿ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಪ್ರಕಟಣೆ ಹೇಳುವ ಹುಡುಗಿಯ ದನಿ ಬಂದಿತ್ತು. ಬಣ್ಣ ಅಂದರೆ ಹೋಳಿಯ ಮರುದಿನದ ಚರಂಡಿ. ಇಬ್ಬರೂ ನಡೆಯುತ್ತಾರೆ, ಹಿಂದೆ ಒಂದು ಬೇವಿನ ಮರ, ಒಂದು ಗುಡಿಸಲು, ಒಂದು ಬಂಡೆ. ಮತ್ತೆ ಅದೇ ಬೇವಿನ ಮರ, ಅದೇ ಗುಡಿಸಲು, ಅದೇ ಬಂಡೆ. ಮಡಕೆ ಒಡೆದರೆ ಚೂರೇ ಬೀಳುವುದಿಲ್ಲ, ಮಾಯವಾಗುತ್ತದೆ. ಕೊನೆಗೆ ಅಜ್ಜಿ ಕೇಳಿದಳು. ಬೂದಪ್ಪ ಯೋಚಿಸಲೂ ಇಲ್ಲ. ಅವನ ತಲೆ ಗಡಗಡ ನಡುಗಿತು. ಮೇಲಕ್ಕೂ ಅಲ್ಲ, ಪಕ್ಕಕ್ಕೂ ಅಲ್ಲ, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಇದ್ದಲ್ಲೇ ಅದುರಿ ನಿಂತುಬಿಟ್ಟಿತು.

ಎಲ್ಲರೂ ಪರಮೇಶಪ್ಪನವರ ಕಡೆ ತಿರುಗಿದರು. ಅವರು ಎದ್ದು ನಿಂತರು, ಬಾಯಿ ತೆರೆದರು, ಕನ್ನಡಕ ತೆಗೆದು ಒರೆಸಿಕೊಂಡರು. "ಏನಯ್ಯ ತಿಪ್ಪೇಶಿ," ಅಂತ ನನ್ನನ್ನೇ ಕೇಳಿದರು, "ನಿಂಗೇನ್ ಕಾಣಿಸ್ತು?"

"ನಂಗೇನೂ ಕಾಣಿಸ್ಲಿಲ್ಲ ಪರಮೇಶಪ್ಪನೋರೇ. ಚಿತ್ರ ಬರೆಯೋಕೆ ಬರದೋನು ಬರೆದಿದಾನೆ, ಅಷ್ಟೇ."

ಪ್ರಶ್ನೆ ಮುಂದಿನ ವಾರಕ್ಕೆ ಹೋಯಿತು. ಮುಂದಿನ ವಾರವೂ ತಲೆ ಹಾಗೆಯೇ ನಡುಗಿತು. ಎಡಗಡೆ ಕೂತವರು ಹೂಂ ಅಂದರು, ಬಲಗಡೆಯವರು ಊಹೂಂ ಅಂದರು. ಅದರ ಮುಂದಿನ ವಾರ ಜಾಗ ಅದಲುಬದಲು ಮಾಡಿ ಕೂತರೆ, ಅಭಿಪ್ರಾಯಗಳೂ ಅದಲುಬದಲಾದವು. ಪರಮೇಶಪ್ಪನವರು ದೊಡ್ಡ ಆಸ್ಪತ್ರೆಗೆ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದರು. ಯಾರದೋ ಸಲಹೆಯ ಮೇರೆಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಉದ್ದಗೆರೆ, ಒಂದು ಅಡ್ಡಗೆರೆ ಎಳೆದೆವು. ಮೂಗು ಯಾವ ಗೆರೆಯ ಗುಂಟ ಹೋಗುತ್ತದೋ ಅದೇ ಉತ್ತರ. ಆ ವಾರ ಬೂದಪ್ಪನ ಮೂಗು ಎರಡು ಗೆರೆಯನ್ನೂ ಬಿಟ್ಟು ಸೊನ್ನೆ ಸುತ್ತಿತು. ಪರಮೇಶಪ್ಪನವರು ಮನೆಗೆ ಹೋಗಿ ಊಟ ಬಿಟ್ಟು ಮಲಗಿದರಂತೆ. ಪಾಪ, ತಾತಮುತ್ತಾತಂದಿರು ಸಲೀಸಾಗಿ ಮಾಡಿಕೊಂಡು ಬಂದ ಕೆಲಸ ತನ್ನ ಕಾಲಕ್ಕೆ ಹೀಗಾಯಿತಲ್ಲ ಅಂತ ಅವರಿಗೆ ಸಂಕಟ.

ಅಷ್ಟರಲ್ಲಿ ಒಂದು ಗಿಳಿ ಬಂದು ಸೇರಿಕೊಂಡಿತು. ಕಪ್ಪು ಕನ್ನಡಕದ ಗಿಳಿ. ಯಾರು ಕರೆದಿದ್ದರು ಅದನ್ನು? ಬೂದಪ್ಪನ ತಲೆಯ ಮೇಲೆ ಕೂತು ಹಾಡುತ್ತದೆ, ಕುಣಿಯುತ್ತದೆ, "ಮಕ್ಕಳೇ, ಇವತ್ತು ನಾವು ಏನು ಕಲಿತೆವು?" ಅಂತ ಉಪದೇಶ ಮಾಡುತ್ತದೆ. ಮಡಕೆ ಒಡೆಯುವುದನ್ನೇ ಬಿಟ್ಟರು, ಮಕ್ಕಳು ಹೆದರುತ್ತಾರಂತೆ. ಇನ್ನೊಂದು ವಾರ ಬೂದಪ್ಪನೇ ಬಾಯಿ ಬಿಟ್ಟು ಮಾತಾಡಿದ. ತಲೆಮಾರುಗಟ್ಟಲೆ ಮೌನವಾಗಿದ್ದವನು ಆಡಿದ ಮೊದಲ ಮಾತು, "ಹಲೋ ಫ್ರೆಂಡ್ಸ್!" ನಾನು ಎದ್ದು ನಿಂತು ಕೂಗಾಡಿದೆ. ಹಳಬರು ನನ್ನ ಜೊತೆ ಸೇರಿಕೊಂಡರು. ಮಕ್ಕಳೋ, ಗಿಳಿಯ ಜೊತೆ ಕುಣಿಯುತ್ತಿದ್ದವು. ಅವುಗಳ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅನಸೂಯಳೂ ಕುಣಿಯುತ್ತಿದ್ದಳು!

ಮರುದಿನ ಗಿರಣಿಗೆ ಹೋಗಿ ಜಗಳ ತೆಗೆದೆ. ಕರೆಂಟು ಹೋಗಿತ್ತು, ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು.

"ನಮ್ ಜೀವನ ಆ ಗೋಡೆ ಮೇಲೆ ನೇತಾಡ್ತಿದೆ, ನಿಮಗೆ ಕುಣಿತ ಬಂತಾ?" ಅಂದೆ.

"ಖುಷಿಯಾಯ್ತು, ಕುಣಿದೆ. ಏನ್ ತಪ್ಪು? ಮಕ್ಕಳು ಕೈ ಹಿಡ್ಕೊಂಡು ಎಳೆದ್ರು."

"ಅದು ನಮ್ ಬೂದಪ್ಪನೇ ಅಲ್ಲ ಕಣ್ರೀ. ಗೆರೆ ನೋಡಿ, ದಪ್ಪ ಮಸಿ ಗೆರೆ. ಕಣ್ಣಲ್ಲಿ ಜೀವ ಇಲ್ಲ. ಹೊಟ್ಟೆ ಬೇರೆ ದಪ್ಪ ಮಾಡಿದಾರೆ. ಮೊದಲು ಹೆಂಗಿದ್ದ ಅನ್ನೋದನ್ನ ನೋಡಿದೋರಿಗೆ ಇದನ್ನ ನೋಡೋಕಾಗುತ್ತಾ? ಕಂಡ್ರೆ ಅಸಹ್ಯ ಆಗುತ್ತೆ."

ಅವಳು ಜರಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಬಹಳ ಹೊತ್ತು ನೋಡಿದಳು. "ಇಪ್ಪತ್ತು ವರ್ಷ ಆದ್ಮೇಲೆ ಬಂದಿದೆ ರೀ, ಹಂಗೇ ಇರುತ್ತಾ?" ಅಂದಳು.

"ಇರಬೇಕು. ಇಲ್ದಿದ್ರೆ ಬರಬಾರದಿತ್ತು."

ಕರೆಂಟು ಬಂತು, ಬೆಲ್ಟು ಸದ್ದು ಮಾಡತೊಡಗಿತು, ನನ್ನ ರಾಗಿಯನ್ನು ಬೀಸಿ ಕೊಟ್ಟಳು. ಆವತ್ತು ನಗಲಿಲ್ಲ. ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ. ಗಿಳಿಯನ್ನು ಬೈದದ್ದಕ್ಕೆ ಇಷ್ಟೊಂದು ಬೇಜಾರೇ ಅಂತ ದಾರಿಯುದ್ದಕ್ಕೂ ತಲೆ ಕೆರೆದುಕೊಂಡೆ. ಆಮೇಲಿನ ವಾರಗಳಲ್ಲಿ ಅವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು, ಆದರೆ ನಾನು ಗೋಡೆಯತ್ತ ಕೈ ತೋರಿಸಿ ಹುಳುಕು ಹೇಳಿದಾಗಲೆಲ್ಲ ಸೆರಗನ್ನು ಹೆಗಲ ತುಂಬ ಎಳೆದುಕೊಳ್ಳುತ್ತಿದ್ದಳು.

ಊರಿನವರ ಸಹನೆಯೂ ಮುಗಿಯುತ್ತ ಬಂದಿತ್ತು. ನಮ್ಮದು ಇತ್ಯರ್ಥವಾಗದೆ ಇನ್ನೊಬ್ಬರು ಗೋಡೆಗೆ ಕೈ ಒತ್ತುವ ಹಾಗಿಲ್ಲ. ಸರದಿಯಲ್ಲಿ ಕಾಯುತ್ತಿದ್ದವರು ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಬೇಕೆಂದೇ ಕೆಮ್ಮುತ್ತಿದ್ದರು. ಕೊನೆಗೆ ಪರಮೇಶಪ್ಪನವರು ಒಂದು ಮಾತು ಹೇಳಿದರು. ಈ ಭಾನುವಾರ ಏನೇ ಬರಲಿ, ಹೇಗೇ ಬರಲಿ, ಅದನ್ನೇ ಉತ್ತರ ಅಂತ ಸಾರುತ್ತೇನೆ, ಮರುಮಾತಿಲ್ಲ ಅಂದರು. ನಾನು ಒಪ್ಪಿದೆ. ಅನಸೂಯಳೂ ತಲೆಯಾಡಿಸಿದಳು, ಅವಳ ತಲೆ ಯಾವ ಕಡೆಗೆ ಆಡಿತು ಅಂತ ನಾನು ಸರಿಯಾಗಿ ನೋಡಲಿಲ್ಲ.

ಆ ಭಾನುವಾರ ಗೋದಾಮಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕಂತು ಎಂದಿನಂತೆ ಕೆಟ್ಟದಾಗಿತ್ತು. ಬೇವಿನ ಮರ, ಗುಡಿಸಲು, ಬಂಡೆ. ಗಿಳಿ ಎರಡು ಹಾಡು ಹಾಡಿತು. ಕೊನೆಗೆ ಅಜ್ಜಿ ಸೊಂಟಕ್ಕೆ ಕೈಕೊಟ್ಟು ಕೇಳಿದಳು, "ಏನಪ್ಪಾ, ನಾಳೆನೂ ಹೋಗೋಣ್ವಾ?"

ಬೂದಪ್ಪನ ತಲೆ ನಡುಗಲಿಲ್ಲ. ಅವನು ಅಜ್ಜಿಯನ್ನು ಬಿಟ್ಟು ನಮ್ಮ ಕಡೆ ತಿರುಗಿದ. ಗೋಡೆಯ ತುಂಬ ಅವನ ಮುಖವೇ ಆಯಿತು. "ಫ್ರೆಂಡ್ಸ್, ನೀವೇನ್ ಹೇಳ್ತೀರಾ?" ಅಂತ ಕೇಳಿದ. "ಹೋಗೋಣ್ವಾ, ಬೇಡ್ವಾ? ಜೋರಾಗಿ ಹೇಳಿ!" ಅಂದವನೇ ಕಿವಿಯ ಹಿಂದೆ ಗೊರಸು ಇಟ್ಟುಕೊಂಡು, ಕಣ್ಣು ಪಿಳಿಪಿಳಿ ಮಾಡುತ್ತ ನಿಂತುಬಿಟ್ಟ.

ಇಂಥದ್ದನ್ನು ಊರು ಕಂಡಿರಲಿಲ್ಲ. ನಾವು ಅವನನ್ನು ಕೇಳುವುದು ಸರಿ, ಅವನು ನಮ್ಮನ್ನು ಕೇಳುವುದೆಂದರೇನು? ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡರು. ಪರಮೇಶಪ್ಪನವರು ಪೇಟವನ್ನು ಮುಂದಕ್ಕೂ ಹಿಂದಕ್ಕೂ ಸರಿಸಿಕೊಳ್ಳುತ್ತಿದ್ದರು. ಮಕ್ಕಳಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ಹೋಗೋಣಾ! ಹೂಂ! ಹೂಂ!" ಅಂತ ಗಂಟಲು ಹರಿಯುವ ಹಾಗೆ ಕಿರುಚತೊಡಗಿದವು. ಕತ್ತೆ ಇನ್ನೂ ಪಿಳಿಪಿಳಿ ಅನ್ನುತ್ತಲೇ ಇತ್ತು. ಹೊಸ ಕಂತುಗಳಲ್ಲಿ ಹೊತ್ತು ಕಳೆಯುವುದಕ್ಕೆ ಒಂದೇ ಚಿತ್ರವನ್ನು ಎಷ್ಟು ಹೊತ್ತು ಬೇಕಾದರೂ ನಿಲ್ಲಿಸುತ್ತಾರೆ.

"ನಂಗೆ ಬೇಡ ರೀ" ಅಂದಳು ಅನಸೂಯ.

ನಾನು ಅವಳ ಕಡೆ ತಿರುಗಿದೆ. ಗೋಡೆಯ ಬೆಳಕು ಅವಳ ಮುಖದ ಮೇಲಿತ್ತು.

"ಏನು ಬೇಡ?"

"ಈ ಮದುವೆ. ಅದು ನಮ್ಮನ್ನೇ ಕೇಳ್ತಿದೆಯಲ್ಲ, ಅದಕ್ಕೇ ಹೇಳಿಬಿಡ್ತಿದೀನಿ. ಬೂದಪ್ಪ ಬಂದ ದಿನದಿಂದ ನಿಮ್ಮ ಪಕ್ಕ ಕೂತು ಕೇಳಿಸಿಕೊಂಡಿದೀನಿ. ಗೆರೆ ದಪ್ಪ, ದನಿ ಸರಿಯಿಲ್ಲ, ಕಣ್ಣಲ್ಲಿ ಜೀವ ಇಲ್ಲ, ಮೊದಲಿನ ಹಂಗಿಲ್ಲ, ಬರಬಾರದಿತ್ತು. ನಾನೂ ಮೊದಲಿನ ಹಂಗಿಲ್ಲ ರೀ. ಆ ಗೋಡೆಗೆ ಕೈ ಒತ್ತಿದವಳು ಬೇರೆ. ಅವಳ ಜಡೆ ಸೊಂಟದವರೆಗೆ ಇತ್ತು. ನಾಳೆ ನಿಮ್ಮ ಮನೇಲಿ ನಾನು ಓಡಾಡುವಾಗ ನೀವು ಅವಳನ್ನ ಪಕ್ಕದಲ್ಲಿಟ್ಟುಕೊಂಡೇ ನನ್ನ ನೋಡ್ತೀರಿ. ನಂಗದು ಆಗಲ್ಲ."

ಹಾಗಲ್ಲ ಅನ್ನಬೇಕು ಅಂದುಕೊಂಡೆ, ಆದರೆ ಅದು ಹಾಗಲ್ಲ ಅಂತ ನನಗೇ ಖಾತ್ರಿ ಇರಲಿಲ್ಲ. ಇಷ್ಟು ವರ್ಷ ನಾನು ಯಾರನ್ನು ಕಾಯುತ್ತಿದ್ದೆ? ಗಿರಣಿಯಲ್ಲಿ ನಗುತ್ತಿದ್ದ ಇವಳನ್ನೋ, ಮುಂದಿನ ಸಾಲಿನಲ್ಲಿ ಕೂತಿದ್ದ ಅವಳನ್ನೋ? ತಲೆ ಕೆಟ್ಟುಹೋಯಿತು. ಅವಳ ಕಿವಿಯ ಪಕ್ಕದ ಬಿಳಿಕೂದಲಿಗೆ ಹಿಟ್ಟು ಮೆತ್ತಿದ್ದು ಕಾಣುತ್ತಿತ್ತು. ಗಲ್ಲದ ಕೆಳಗೆ ಒಂದು ಮಡಿಕೆ ಬಂದಿತ್ತು. ಬಲಗಣ್ಣು ಎಡಗಣ್ಣಿಗಿಂತ ಬೇಗ ತುಂಬಿಕೊಳ್ಳುತ್ತಿತ್ತು. ಇದನ್ನೆಲ್ಲ ನಾನು ಯಾವತ್ತು ನೋಡಿದ್ದೆ?

"ಸರಿಯಾದ ಉತ್ತರ!" ಅಂತ ಗೋಡೆಯ ಮೇಲಿಂದ ಕತ್ತೆ ಕೂಗಿತು. ಗಿಳಿ "ಶಭಾಷ್! ಶಭಾಷ್!" ಅಂತ ಪಲ್ಟಿ ಹೊಡೆಯಿತಂತೆ, ಬಣ್ಣಬಣ್ಣದ ನಕ್ಷತ್ರ ಉದುರಿದವಂತೆ. ಆಮೇಲೆ ಮಕ್ಕಳು ಹೇಳಿದ್ದು ಅದು. ನಾನು ತಿರುಗಿ ನೋಡುವಷ್ಟರಲ್ಲಿ ಗೋಡೆ ಬೆಳ್ಳಗಾಗಿತ್ತು.

ಪರಮೇಶಪ್ಪನವರ ಮುಖ ಅರಳಿತು. ಮಕ್ಕಳು ಹೂಂ ಅಂದಿವೆ, ಕತ್ತೆ ಸರಿ ಅಂದಿದೆ, ಇನ್ನೇನು ಬೇಕು? ಅವರು ಎರಡೂ ಕೈ ಮೇಲೆತ್ತಿ, ಇಷ್ಟು ವರ್ಷ ಒಳಗೆ ಕಟ್ಟಿಕೊಂಡಿದ್ದ ದನಿಯನ್ನೆಲ್ಲ ಸೇರಿಸಿ, "ಹೂಂ ಅಂದಿದೆ!" ಅಂತ ಸಾರಿದರು. ಜನ ಹೋ ಅಂದರು. ನನ್ನ ಬೆನ್ನ ಮೇಲೆ ಗುದ್ದು ಬಿದ್ದವು. ಅತ್ತಿಗೆ ಅಳುತ್ತಾ ಬಂದು ಅನಸೂಯಳ ಗಲ್ಲ ಹಿಡಿದುಕೊಂಡು "ಬಾ ತಾಯಿ, ಮನೆ ತುಂಬು" ಅಂದರು. ಯಾರೋ ಸಕ್ಕರೆ ತರಲು ಓಡಿದರು.

ಅನಸೂಯ ಬಗ್ಗಿ ಚಾಪೆಗೆ ಕೈ ಹಾಕಿದಳು. ಬಂದ ಉತ್ತರಕ್ಕೆ ತಲೆಬಾಗಬೇಕು ಅನ್ನುವುದು ನನಗೆ ಗೊತ್ತಿದ್ದಷ್ಟೇ ಅವಳಿಗೂ ಗೊತ್ತಿತ್ತು. ಅವಳು ಬೇಡ ಅಂದದ್ದು ನನ್ನೊಬ್ಬನಿಗೇ ಕೇಳಿಸಿತ್ತು. ನಾನು ಸುಮ್ಮನಿದ್ದರೆ ಸಾಕು, ಅವಳು ನಮ್ಮ ಮನೆಗೆ ಬರುತ್ತಿದ್ದಳು. ಸುಮ್ಮನಿರಲು ನನಗೆ ಎಷ್ಟು ಆಸೆಯಾಯಿತು ಅಂತ ಹೇಳಲಾರೆ. ಜನರೆಲ್ಲ ನಗುತ್ತಿದ್ದರು. ಅವಳು ತನ್ನ ಚಾಪೆಯನ್ನು ಸುರುಳಿ ಸುತ್ತುತ್ತಿದ್ದಳು, ಸುತ್ತಿ ಮುಗಿದ ಮೇಲೂ ಸುತ್ತುತ್ತಿದ್ದಳು.

"ಪರಮೇಶಪ್ಪನೋರೇ," ಅಂದೆ. "ಅದು ಹೂಂ ಅಲ್ಲ."

ಗದ್ದಲ ನಿಂತಿತು.

"ಮತ್ತೇನಯ್ಯ? ಸರಿಯಾದ ಉತ್ತರ ಅಂತ ಬಾಯಿಬಿಟ್ಟು ಹೇಳ್ತಲ್ಲ!"

"ಹೇಳ್ತು. ಅನಸೂಯ ಬೇಡ ಅಂದ್ರು. ಅದಕ್ಕೇ ಅದು ಸರಿ ಅಂದಿದ್ದು."

"ಮಕ್ಕಳು ಹೂಂ ಅಂದ್ವಲ್ಲಯ್ಯಾ?"

"ಪ್ರಶ್ನೆ ಮಕ್ಕಳದ್ದಲ್ಲವಲ್ಲ ಯಜಮಾನ್ರೇ."

ಪರಮೇಶಪ್ಪನವರು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು, ಅನಸೂಯಳನ್ನು ನೋಡಿದರು. ಅವರ ಹೊಸ ಕನ್ನಡಕದ ಹಿಂದೆ ಕಣ್ಣುಗಳು ತಬ್ಬಿಬ್ಬಾಗಿದ್ದವು. ಕೂಗಿ ಹೇಳಿದ್ದಕ್ಕೆ ಕತ್ತೆ ಸರಿ ಅಂದಿತೋ, ಮೆಲ್ಲಗೆ ಹೇಳಿದ್ದಕ್ಕೆ ಸರಿ ಅಂದಿತೋ, ಯಾರು ಏನೇ ಹೇಳಿದ್ದರೂ ಸರಿ ಅನ್ನುತ್ತಿತ್ತೋ, ಯಾರಿಗೂ ತಿಳಿಯಲಿಲ್ಲ. ಜನ ಸ್ವಲ್ಪ ಹೊತ್ತು ಅಲ್ಲೇ ಗುಜುಗುಜು ಮಾಡಿದರು. ಆಮೇಲೆ ಸಕ್ಕರೆ ತಂದವನು ಅದನ್ನು ಮಕ್ಕಳಿಗೇ ಹಂಚಿದ, ಎಲ್ಲರೂ ಮನೆಗಳ ಕಡೆ ನಡೆದರು. ಅತ್ತಿಗೆ ನನ್ನ ಮುಖ ನೋಡದೆ ಹೋದರು.

ನಾವಿಬ್ಬರೇ ಉಳಿದೆವು. ಗಿರಣಿಯೂ ನನ್ನ ಅಂಗಡಿಯೂ ಒಂದೇ ದಿಕ್ಕಿಗಿರುವುದರಿಂದ ಜೊತೆಯಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ. ನನಗೆ ಅಳು ಒತ್ತರಿಸಿಕೊಂಡು ಬರುತ್ತಿತ್ತು, ಜೊತೆಗೆ ಏನೋ ಹಗುರವೂ ಆಗಿತ್ತು. ಮೂಲೆಯ ನಲ್ಲಿಯ ಹತ್ತಿರ ಬಂದಾಗ ಅನಸೂಯ ನಿಂತಳು. ಚಾಪೆ ಅವಳ ಕಂಕುಳಲ್ಲಿತ್ತು.

"ಇವತ್ತಿನ ಕಂತು ಹೆಂಗಿತ್ತು ಹೇಳಲೇ ಇಲ್ಲವಲ್ಲ ನೀವು," ಅಂದಳು. "ಬೈಯೋಕೇನೂ ಸಿಗಲಿಲ್ವಾ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಕೊನೆಯ ಭಾಗ ಏನೇನೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ," ಅಂದೆ. "ನಾನು ನಿಮ್ಮನ್ನೇ ನೋಡ್ತಿದ್ದೆ."

ಅವಳು ಚಾಪೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. ಹೋಗಲಿಲ್ಲ.